ಸಂತ ಅನ್ನಮ್ಮನವರ ಹಬ್ಬವೂ ಸೆರೆಯ ನೆನಪೂ



ಜುಲೈ 26 ಯೇಸುಸ್ವಾಮಿಯ ಅಜ್ಜ ಅಜ್ಜಿಯರಾದ ಸಂತ ಜೋಕಿಮ್ ಹಾಗೂ ಸಂತ ಅನ್ನಮ್ಮನವರ ಹಬ್ಬ. ಕೊಡಗಿನವರಾದ ನಮಗೆ ಅನ್ನಮ್ಮನವರೆಂದರೆ ಮೊದಲು ನೆನಪಾಗುವುದು 1792ರಲ್ಲಿ ಸ್ಥಾಪನೆಯಾದ ವಿರಾಜಪೇಟೆಯ ದೇವಾಲಯ. ಅಲ್ಲಿ ಮೊದಲು ಮೊಣಕಾಲೂರಿದವರು ಯಾರು, ಎಲ್ಲಿಂದ ಬಂದವರು ಎಂಬುದನ್ನು ಮಾತ್ರ ಹಬ್ಬದ ಗದ್ದಲದಲ್ಲಿ ಮಕ್ಕಳಿಗೆ ಹೇಳುವುದೇ ಇಲ್ಲ.

1784ರ ಬೂದಿ ಬುಧವಾರ. ಆಂಗ್ಲರಿಗೆ ನೆರವಾದರೆಂಬ ಶಂಕೆಯಿಂದ ಟಿಪ್ಪು ಸುಲ್ತಾನನು ಕೆನರಾದ ಕಥೋಲಿಕರನ್ನು ಬಂಧಿಸಲು ಆಜ್ಞೆಮಾಡಿದ. ಅವರ ಮನೆ, ಗದ್ದೆ ಮುಟ್ಟುಗೋಲಾದವು, ದೇವಾಲಯಗಳು ನೆಲಸಮವಾದವು. ಮುದುಕರು, ಬಾಣಂತಿಯರು, ಹಸುಳೆಗಳೆನ್ನದೆ ಎಲ್ಲರನ್ನೂ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ದಾರಿಯಲ್ಲೇ ಸತ್ತವರು ಅನೇಕರು. ಸೆರೆ ಮುಗಿದದ್ದು 1799ರಲ್ಲಿ. ಅದಕ್ಕೂ ಮೊದಲೇ ತಪ್ಪಿಸಿಕೊಂಡು ಬಂದ ಕೆಲವರಿಗೆ ದೊಡ್ಡ ವೀರರಾಜೇಂದ್ರ ಅರಸ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಆ ಅರಸನೂ 1788ರಲ್ಲಿ ಟಿಪ್ಪುವಿನ ಪಿರಿಯಾಪಟ್ಟಣದ ಸೆರೆಯಿಂದ ಪಾರಾಗಿ ಬಂದವನೇ. ಸೆರೆಯ ಸಂಕಟವನ್ನು ಅವನಿಗೆ ಬೇರೆಯವರು ವಿವರಿಸಬೇಕಿರಲಿಲ್ಲ.

ಸೆರೆಯಾದವರು ಎಷ್ಟು ಮಂದಿ? 30,000 ಎನ್ನುವವರಿದ್ದಾರೆ, 60,000 ಎನ್ನುವವರೂ ಇದ್ದಾರೆ. ಲೆಕ್ಕದಲ್ಲಿ ವಾದವಿರಬಹುದು, ಆದರೆ ಆ ವಾದವನ್ನೇ ಮುಂದಿಟ್ಟು ಘಟನೆಯೇ ನಡೆಯಲಿಲ್ಲವೆನ್ನುವುದು ಸತ್ತವರಿಗೆ ಎರಡನೆಯ ಅನ್ಯಾಯ. ನಮ್ಮ ಕೊಡವ ಬಂಧುಗಳ ನೋವೂ ಇದೇ. 1785ರಲ್ಲಿ 40,000 ಕೊಡವರನ್ನು ಸೆರೆಹಿಡಿದೆನೆಂದು ಟಿಪ್ಪುವೇ ಪತ್ರದಲ್ಲಿ ಬರೆದಿದ್ದಾನೆ. ಭಾಗಮಂಡಲದ ಬಳಿಯ ದೇವಟಿಪರಂಬುವಿನಲ್ಲಿ ಹಿರಿಯರಿಗೆ ನಮನ ಸಲ್ಲಿಸುತ್ತ ಬಂದಿರುವ ಕೊಡವ ನ್ಯಾಷನಲ್ ಕೌನ್ಸಿಲ್, ಇದನ್ನು ನರಮೇಧವೆಂದು ಒಪ್ಪಿಕೊಳ್ಳಬೇಕೆಂದು ಕೇಳುತ್ತಿದೆ.

ಅರ್ಮೇನಿಯಾದ ಜನರೂ ಕೇಳುತ್ತಿರುವುದು ಅದನ್ನೇ. 1915ರಲ್ಲಿ ಆಟೊಮನ್ ಸಾಮ್ರಾಜ್ಯದಲ್ಲಿ ಅವರನ್ನು ಮನೆಯಿಂದ ಎಬ್ಬಿಸಿ ಮರುಭೂಮಿಯತ್ತ ನಡೆಸಲಾಯಿತು. ಲಕ್ಷಾಂತರ ಜನ ಸತ್ತರು. ಮಾರ್ದಿನ್‌ನ ಧರ್ಮಾಧ್ಯಕ್ಷ ಇಗ್ನೇಷಿಯಸ್ ಮಲೋಯನ್ ವಿಶ್ವಾಸ ಬಿಡಲೊಪ್ಪದೆ ಪ್ರಾಣ ಕೊಟ್ಟರು. 2025ರಲ್ಲಿ ಅವರಿಗೆ ಸಂತಪದವಿ ದೊರೆಯಿತು. 2015ರಲ್ಲಿ ವಿಶ್ವಗುರು ಫ್ರಾನ್ಸಿಸರು ಈ ಹತ್ಯೆಯನ್ನು ಜನಾಂಗಹತ್ಯೆಯೆಂದೇ ಕರೆದಾಗ ಟರ್ಕಿ ಸಿಟ್ಟಾಗಿ ವ್ಯಾಟಿಕನ್ನಿನಿಂದ ತನ್ನ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡಿತು. ನೂರು ವರ್ಷವಾದರೂ ಒಂದು ಪದಕ್ಕೆ ಎಷ್ಟು ಭಾರ ನೋಡಿ!

ಹಾಗೆಂದು ನೆನಪನ್ನು ಕೋಲು ಮಾಡಿಕೊಂಡು ನೆರೆಯವನನ್ನು ಹೊಡೆಯಲು ಹೊರಟರೆ? 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ಹೆಸರಿನಲ್ಲಿ ಮಡಿಕೇರಿಯಲ್ಲಿ ಜೀವಗಳೇ ಹೋದವು. ಕೊಡಗಿನ ಜಮ್ಮಾ ಮಾಪಿಳ್ಳೆ ಮುಸ್ಲಿಮರಲ್ಲಿ ಹಲವರಿಗೆ ಇಂದಿಗೂ ಕೊಡವ ಮನೆಹೆಸರಿದೆ. ಟಿಪ್ಪುವಿನ ಕಾಲದಲ್ಲಿ ಬಲವಂತವಾಗಿ ಮತಾಂತರಗೊಂಡ ಕೊಡವರ ವಂಶದವರು ಅವರು. ಅಂದು ಸೆರೆಯಾದವರ ಮೊಮ್ಮಕ್ಕಳು ನಾವೂ ಹೌದು, ಅವರೂ ಹೌದು. ಟಿಪ್ಪುವಿನ ಕೃತ್ಯಕ್ಕೆ ಅವರಿಂದ ಉತ್ತರ ಕೇಳುವುದು ಯಾವ ನ್ಯಾಯ?

ಈ ಹಬ್ಬದಂದು ಊಟವಾದ ಮೇಲೆ ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಕೂರಿಸಿ. ನಮ್ಮವರು ಯಾವ ಊರಿನವರು, ಕೊಡಗಿಗೆ ಹೇಗೆ ಬಂದರು ಎಂದು ಕೇಳಲಿ. ಅಜ್ಜಿ ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ ಬರೆದಿಡಲಿ.