ಹೈಸ್ಕೂಲಿನಲ್ಲಿಯೇ ಕಾಲೇಜಿನ ಪೂರ್ವಸಿದ್ಧತೆ

ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ಮೇಲೆ ಮಕ್ಕಳ ಮುಂದಿನ ವಿದ್ಯಾಭ್ಯಾಸದ ವಿಚಾರ ಮಾಡಿದರಾಯಿತು ಎಂಬ ಭಾವನೆ ಪಾಲಕರಲ್ಲಿ ಅನೇಕರಿಗಿದೆ. ಆದರೆ ಆಗ ಕೈಯಲ್ಲಿ ಉಳಿಯುವುದು ಕೆಲವೇ ವಾರಗಳು. ಅಷ್ಟರಲ್ಲಿ ಯಾವ ಶಾಖೆ, ಯಾವ ವಿಷಯಗಳು, ಯಾವ ಊರು ಎಂಬ ಮೂರನ್ನೂ ನಿಶ್ಚಯಿಸಬೇಕಾಗುತ್ತದೆ. ಇವುಗಳಲ್ಲಿ ಊರಿನ ಪ್ರಶ್ನೆಯೇ ಹೊರನಾಡಿನ ಕನ್ನಡ ಕುಟುಂಬಗಳಿಗೆ ಎಲ್ಲಕ್ಕಿಂತ ಜಟಿಲವಾದುದು.

ನಾಶಿಕ್ ಮತ್ತು 2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರಗಳಲ್ಲಿ ಉದ್ಯೋಗದ ನಿಮಿತ್ತ ನೆಲೆಸಿದ ನಮ್ಮವರಲ್ಲಿ ಕೆಲವರು, ಹತ್ತನೆಯ ತರಗತಿ ಮುಗಿದೊಡನೆ ಮಗುವನ್ನು ಮಂಗಳೂರಿನ ಅಥವಾ ಧಾರವಾಡದ ಕಾಲೇಜಿಗೆ ಸೇರಿಸುವ ಆಲೋಚನೆ ಮಾಡುತ್ತಾರೆ. ಆಲೋಚನೆ ತಪ್ಪೆಂದಲ್ಲ, ಅದರ ಪರಿಣಾಮವನ್ನು ಮೊದಲೇ ಅರಿತಿರಬೇಕು. ಮಹಾರಾಷ್ಟ್ರದಲ್ಲಿ ವೈದ್ಯಕೀಯ ಶಿಕ್ಷಣದ ರಾಜ್ಯ ಕೋಟಾಕ್ಕೆ ನಿವಾಸಿ ಪ್ರಮಾಣಪತ್ರದ ಜೊತೆಗೆ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳೆರಡನ್ನೂ ಈ ರಾಜ್ಯದ ಸಂಸ್ಥೆಯಿಂದಲೇ ತೇರ್ಗಡೆಯಾಗಿರಬೇಕೆಂಬುದು ಸಾಮಾನ್ಯ ನಿಯಮ. ಕರ್ನಾಟಕದಲ್ಲಾದರೋ, ಇಂಜಿನಿಯರಿಂಗ್ ಪ್ರವೇಶಕ್ಕೆ ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ 7 ವರ್ಷ ಅಲ್ಲಿ ಓದಿರಬೇಕೆಂಬುದು ಮುಖ್ಯ ನಿಯಮ. ಆದುದರಿಂದ ನಡುವೆ ಊರು ಬದಲಿಸಿದ ವಿದ್ಯಾರ್ಥಿ ಎರಡು ರಾಜ್ಯಗಳ ಕೋಟಾಗಳಿಗೂ ಎರವಾಗುವ ಸಂಭವವಿದೆ.

ಇದಕ್ಕೆ ಪರ್ಯಾಯ ಮಾರ್ಗಗಳೂ ಇಲ್ಲದಿಲ್ಲ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳನ್ನು ಅಲ್ಲಿಯೇ ಮುಗಿಸಿದರೆ ಅರ್ಹತೆ ದೊರೆಯುವ ಒಂದು ಉಪಬಂಧವಿದೆ. ಹೀಗಾಗಿ ಹೆತ್ತವರ ಹಳೆಯ ಶಾಲಾ ದಾಖಲೆಗಳು ಇಂದಿಗೂ ಬೆಲೆಯುಳ್ಳವು. ಅವು ಕಳೆದಿದ್ದರೆ ಊರಿನ ಶಾಲೆಯಿಂದ ನಕಲು ತರಿಸಲು ಮಗು ಎಂಟನೆಯ ತರಗತಿಯಲ್ಲಿರುವಾಗಲೇ ತೊಡಗಬೇಕು. ಹೊರನಾಡು ಕನ್ನಡಿಗರಿಗೂ ಪ್ರತ್ಯೇಕ ಅವಕಾಶವುಂಟು. ಆದರೆ ಅದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಮನೆಯಲ್ಲಿ ನಿರರ್ಗಳವಾಗಿ ಕನ್ನಡ ಮಾತನಾಡುತ್ತಿದ್ದರೂ ದೇವನಾಗರಿಯಲ್ಲಿ ಮಾತ್ರ ಓದಿ ಬರೆಯಬಲ್ಲ ಮಗುವಿಗೆ ಈ ಬಾಗಿಲು ತೆರೆಯದು. ನಿತ್ಯ ಅರ್ಧ ಗಂಟೆಯ ಕನ್ನಡ ಓದುಬರಹ ಮೂರು ವರ್ಷ ನಡೆದರೆ ಸಾಕು, ಆ ಕೊರತೆ ನೀಗುತ್ತದೆ. ಇಂಥ ನಿಯಮಗಳಲ್ಲಿ ವಿನಾಯಿತಿಗಳೂ ತಿದ್ದುಪಡಿಗಳೂ ಇರುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಸ್ವತಃ ಓದುವುದು ಅವಶ್ಯ.

ಇನ್ನು ವಿಷಯಗಳ ಆಯ್ಕೆ. ಹನ್ನೊಂದರಲ್ಲಿ ಗಣಿತವನ್ನು ಬಿಟ್ಟವರಿಗೆ ಇಂಜಿನಿಯರಿಂಗ್, ಜೀವಶಾಸ್ತ್ರವನ್ನು ಬಿಟ್ಟವರಿಗೆ ವೈದ್ಯಕೀಯ ಶಿಕ್ಷಣ ಬಹುಮಟ್ಟಿಗೆ ದೂರವಾಗುತ್ತವೆ. ಮಗುವಿನ ಒಲವು ಯಾವ ಕಡೆಗಿದೆಯೆಂಬುದು ನೆರೆಮನೆಯವರ ಮಕ್ಕಳ ಅಂಕಪಟ್ಟಿಯಿಂದ ತಿಳಿಯದು. ಎಂಟು, ಒಂಬತ್ತನೆಯ ತರಗತಿಗಳಲ್ಲಿ ಅದು ತಾನಾಗಿ ಎತ್ತಿಕೊಳ್ಳುವ ಪುಸ್ತಕಗಳಿಂದ, ಕೇಳುವ ಪ್ರಶ್ನೆಗಳಿಂದ ತಿಳಿಯುತ್ತದೆ. ಕೈಕೆಲಸದಲ್ಲಿ ಆಸಕ್ತಿಯುಳ್ಳವರು ಹತ್ತರ ನಂತರ ಪಾಲಿಟೆಕ್ನಿಕ್ ಸೇರಿ, ಡಿಪ್ಲೊಮಾ ಮುಗಿಸಿ, ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಪ್ರವೇಶ ಪಡೆಯಬಹುದು. ಓಝರ್‌ನ ವಿಮಾನ ಕಾರ್ಖಾನೆಯೂ ವಾಳೂಜ್‌ನ ಉದ್ಯಮಗಳೂ ಇರುವ ಈ ಸೀಮೆಯಲ್ಲಿ ಅದು ಕೀಳಾದ ಮಾರ್ಗವೇನಲ್ಲ. ಹನ್ನೊಂದನೆಯ ತರಗತಿ ವಿಶ್ರಾಂತಿಯ ವರ್ಷವೆಂಬ ಭ್ರಮೆಯನ್ನೂ ಬಿಡಬೇಕು, ಮಹಾರಾಷ್ಟ್ರದ ಸಿ.ಇ.ಟಿ. ಪರೀಕ್ಷೆಯಲ್ಲಿ ಶೇಕಡಾ 20ರಷ್ಟು ಪ್ರಶ್ನೆಗಳು ಆ ವರ್ಷದ ಪಾಠಗಳಿಂದಲೇ ಬರುತ್ತವೆ.

ಇವೆಲ್ಲಕ್ಕೂ ಆಧಾರ ದೇಹ. ಹದಿಮೂರರಿಂದ ಹದಿನೆಂಟರ ಪ್ರಾಯದವರಿಗೆ 8ರಿಂದ 10 ತಾಸು ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿಯೇ. ನಿದ್ದೆಗೆಟ್ಟು ಓದುವವನು ಒಂದು ಕೈಯಿಂದ ತುಂಬಿ ಇನ್ನೊಂದು ಕೈಯಿಂದ ಚೆಲ್ಲುತ್ತಾನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 19ರ ಪ್ರಾಯದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಬೇಗ ಆಯಾಸ, ಓದಿನಲ್ಲಿ ಮನಸ್ಸು ನಿಲ್ಲದಿರುವಿಕೆ ಇದರ ಲಕ್ಷಣಗಳು. ಅದನ್ನು ಸೋಮಾರಿತನವೆಂದು ಗದರಿಸುವ ಮೊದಲು ರಕ್ತಪರೀಕ್ಷೆ ಮಾಡಿಸುವುದು ಲೇಸು. ಸಜ್ಜೆಯ ರೊಟ್ಟಿ, ಸೊಪ್ಪು, ಮೊಳಕೆಕಾಳು, ಜೊತೆಗೆ ನಿಂಬೆಯ ರಸ ಹಿತಕರ. ಊಟದೊಡನೆ ಚಹಾ ಸೇವಿಸಿದರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರದು. ಕರಿಹಲಗೆ ಮಸುಕಾಗಿ ಕಾಣುವ ಮಗು ಅದನ್ನು ಹೇಳದೆಯೇ ಹಿಂದೆ ಬೀಳಬಹುದಾದ್ದರಿಂದ ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆಯೂ ಆಗಬೇಕು.

ಸಾರಾಂಶವಿಷ್ಟೆ: ಎಂಟರಲ್ಲಿ ದಾಖಲೆ ಮತ್ತು ಕನ್ನಡದ ಅಕ್ಷರ, ಒಂಬತ್ತರಲ್ಲಿ ಒಲವಿನ ಪರಿಶೀಲನೆ, ಹತ್ತರ ಆರಂಭದಲ್ಲಿಯೇ ಊರಿನ ನಿರ್ಧಾರ, ಮೂರೂ ವರ್ಷ ನಿಯಮಿತ ನಿದ್ರೆ ಮತ್ತು ಆಹಾರ. ಈ ಕ್ರಮವನ್ನು ಅನುಸರಿಸಿದ ಮನೆಯಲ್ಲಿ ಫಲಿತಾಂಶದ ದಿನ ಗಾಬರಿಗೆ ಎಡೆಯಿರದು. ಅಂಕಗಳು ನಿರೀಕ್ಷೆಗಿಂತ ಕಡಿಮೆಯಾದರೂ ಮುಂದಿನ ದಾರಿ ಮಗುವಿಗೆ ಕಾಣುತ್ತಿರುತ್ತದೆ.