ಬಂದೀಖಾನೆಯಲ್ಲಿ ಕಂಡ ಕುಟುಂಬ
(ಏಂಜೆಲಾ ಡೇವಿಸ್ ಅವರ ಆತ್ಮಕಥೆಯನ್ನು ಓದಿದಾಗ)

ಬಾಳಿನ ಸಂಜೆಯಲ್ಲಿ ಕುಳಿತು, ನಡೆದುಬಂದ ದಾರಿಯನ್ನು ಹಿಂದಿರುಗಿ ನೋಡುತ್ತ ಆತ್ಮಕಥೆಯನ್ನು ಬರೆಯುವುದು ವಾಡಿಕೆ. ಅಮೆರಿಕದ ಕಪ್ಪು ಜನಾಂಗದ ಕ್ರಾಂತಿಕಾರಿ ಮಹಿಳೆ ಏಂಜೆಲಾ ಡೇವಿಸ್ ಅವರ ಆತ್ಮಕಥೆ ಪ್ರಕಟವಾದದ್ದು 1974ರಲ್ಲಿ. ಆಗ ಅವರಿಗೆ ಕೇವಲ 30 ವರ್ಷ. ಅಷ್ಟು ಕಿರಿಯ ವಯಸ್ಸಿನಲ್ಲಿ ತಮ್ಮನ್ನು ಕುರಿತು ತಾವೇ ಬರೆದುಕೊಳ್ಳಲು ಅವರಿಗೆ ಸಂಕೋಚವಿತ್ತು. ಓದುಗರು ತಮ್ಮನ್ನು ಇತರರಿಂದ ಬೇರ್ಪಡಿಸಿ ನೋಡಿಯಾರೆಂಬ ಅಳುಕನ್ನು ಮುನ್ನುಡಿಯಲ್ಲಿಯೇ ತೋಡಿಕೊಂಡಿದ್ದಾರೆ. ಮುಂದೆ 1993ರಲ್ಲಿ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದ ಟೋನಿ ಮಾರಿಸನ್ ಅವರೇ ಈ ಗ್ರಂಥದ ಸಂಪಾದಕಿ. ‘ನಾನು’ ಎಂದು ಹೇಳಬೇಕಾದೆಡೆಯಲ್ಲೆಲ್ಲ ‘ನಾವು’ ಎಂಬುದನ್ನು ಮರೆಯದಿರುವುದೇ ಈ ಕೃತಿಯ ನಿಜವಾದ ಹಿರಿಮೆ.

ಸಿಡಿಮದ್ದಿನ ಗುಡ್ಡ

ಏಂಜೆಲಾ ಜನಿಸಿದ್ದು 1944ರ ಜನವರಿ 26ರಂದು, ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ತಾಯಿ ಶಾಲಾ ಶಿಕ್ಷಕಿ. ತಂದೆ ಪೆಟ್ರೋಲ್ ಬಂಕ್ ನಡೆಸುತ್ತಿದ್ದವರು. 1948ರಲ್ಲಿ ಈ ಕುಟುಂಬವು ಬಿಳಿಯರ ನೆರೆಯ ಬೀದಿಗೆ ವಾಸಕ್ಕೆ ಬಂದಿತು. ಅಲ್ಲಿ ಮನೆ ಮಾಡಿದ ಕಪ್ಪು ಜನರ ಮನೆಗಳಿಗೆ ರಾತ್ರಿಯ ಹೊತ್ತು ಬಾಂಬು ಬೀಳುತ್ತಿದ್ದುದರಿಂದ ಆ ಪ್ರದೇಶಕ್ಕೆ ‘ಡೈನಮೈಟ್ ಗುಡ್ಡ’ ಎಂಬ ಹೆಸರೇ ಬಿದ್ದಿತು. ಇಂಥ ಕಡೆ ಬೆಳೆದ ಮಕ್ಕಳ ಮನಸ್ಸಿನಲ್ಲಿ ದ್ವೇಷ ಬೇರೂರುವುದು ಎಷ್ಟು ಸುಲಭ! ಆದರೆ ಆ ತಾಯಿ ಮಕ್ಕಳಿಗೆ ಕಲಿಸಿದ್ದು ಬೇರೆ. ಪ್ರೀತಿಯು ದೇವರು ವಿಧಿಸಿದ್ದು, ಬಿಳಿಯರ ದ್ವೇಷವು ಸಹಜವೂ ಅಲ್ಲ, ಶಾಶ್ವತವೂ ಅಲ್ಲ ಎಂಬುದು ಆಕೆಯ ಬೋಧೆ.

ಶಾಲೆಯಲ್ಲಿ ಊಟಕ್ಕೆ ಕಾಸಿಲ್ಲದೆ, ಉಣ್ಣುವವರ ಮುಖ ನೋಡುತ್ತ ನಿಲ್ಲುತ್ತಿದ್ದ ಸಹಪಾಠಿಗಳನ್ನು ಕಂಡು ಬಾಲಕಿ ಏಂಜೆಲಾಳ ಕರುಳು ಚುರುಕ್ಕೆನ್ನುತ್ತಿತ್ತು. ತಂದೆ ಸಂಜೆ ಮನೆಗೆ ತರುತ್ತಿದ್ದ ಚಿಲ್ಲರೆಯ ಚೀಲದಿಂದ ಗುಟ್ಟಾಗಿ ನಾಣ್ಯಗಳನ್ನು ತೆಗೆದು ಅವಳು ಅವರಿಗೆ ಕೊಡುತ್ತಿದ್ದಳು. ಕದ್ದುದು ತಪ್ಪೆಂದು ಯಾವ ತಾಯಿಯಾದರೂ ಹೇಳಿಯಾಳು. ಆದರೆ ಪಕ್ಕದವರ ಹಸಿವನ್ನು ಕಾಣಬಲ್ಲ ಕಣ್ಣನ್ನು ಮಗುವಿಗೆ ಕೊಟ್ಟವರಾರು ಎಂದೂ ಕೇಳಿಕೊಳ್ಳಬೇಕಾಗುತ್ತದೆ.

ಇನ್ನೊಂದು ಪ್ರಸಂಗ ನಗಿಸುತ್ತಲೇ ಚುಚ್ಚುತ್ತದೆ. ಹರೆಯದ ಏಂಜೆಲಾ ಮತ್ತು ತಂಗಿ ಫಾನಿಯಾ ಒಮ್ಮೆ ಫ್ರೆಂಚ್ ಭಾಷೆಯಲ್ಲಿ ಮಾತನಾಡುತ್ತ ಪಾದರಕ್ಷೆಯ ಅಂಗಡಿಯೊಂದನ್ನು ಹೊಕ್ಕರು. ಕಪ್ಪು ಗಿರಾಕಿಗಳು ಹಿಂಭಾಗದಲ್ಲಿ ಕೂರಬೇಕಾಗಿದ್ದ ಅಂಗಡಿ ಅದು. ಪರದೇಶದವರೆಂದು ಭಾವಿಸಿದ ಅಂಗಡಿಯವರು ಇವರನ್ನು ಮುಂಭಾಗದಲ್ಲಿಯೇ ಕುಳ್ಳಿರಿಸಿ ಉಪಚರಿಸಿದರು. ಕೊನೆಗೆ ಅಕ್ಕತಂಗಿಯರು ಇಂಗ್ಲಿಷಿನಲ್ಲಿ ತಮ್ಮ ಗುಟ್ಟನ್ನು ಹೇಳಿ, ನಗುತ್ತ ಹೊರಬಂದರು. ಚರ್ಮದ ಬಣ್ಣ ಅದೇ, ಮುಖ ಅದೇ. ಬದಲಾದದ್ದು ನುಡಿ ಮಾತ್ರ. ಭೇದಭಾವದ ಟೊಳ್ಳುತನವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

1963ರ ಸೆಪ್ಟೆಂಬರ್ 15ರಂದು ಅದೇ ಊರಿನ ಚರ್ಚೊಂದರಲ್ಲಿ ಬಾಂಬು ಸಿಡಿದು ನಾಲ್ವರು ಬಾಲೆಯರು ಮಡಿದರು. ಮೂವರಿಗೆ 14 ವರ್ಷ, ಒಬ್ಬಳಿಗೆ 11. ಅವರಲ್ಲಿ ಕೆಲವರು ಏಂಜೆಲಾ ಅವರ ಮನೆಯವರಿಗೆ ಹತ್ತಿರದವರು. ಫ್ರಾನ್ಸಿನಲ್ಲಿ ವ್ಯಾಸಂಗದಲ್ಲಿದ್ದ ಅವರು ಈ ಸುದ್ದಿಯನ್ನು ಪತ್ರಿಕೆಯಲ್ಲಿ ಓದಬೇಕಾಯಿತು.

ಸೆರೆ ಮತ್ತು ಬಿಡುಗಡೆ

1969ರಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಅಧ್ಯಾಪಕಿಯಾದ ಅವರನ್ನು, ಕಮ್ಯುನಿಸ್ಟ್ ಪಕ್ಷದ ಸದಸ್ಯೆ ಎಂಬ ಕಾರಣಕ್ಕೆ ವಜಾ ಮಾಡಲಾಯಿತು. ನ್ಯಾಯಾಲಯ ಅದನ್ನು ತಡೆದರೂ ಮರುವರ್ಷ ಅವರ ಸೇವೆಯನ್ನು ಮುಂದುವರಿಸಲಿಲ್ಲ. 1970ರ ಆಗಸ್ಟ್ 7ರಂದು ಕ್ಯಾಲಿಫೋರ್ನಿಯಾದ ನ್ಯಾಯಾಲಯವೊಂದಕ್ಕೆ 17ರ ಹರೆಯದ ಜೊನಾಥನ್ ಜಾಕ್ಸನ್ ಎಂಬ ತರುಣ ಬಂದೂಕುಗಳೊಡನೆ ನುಗ್ಗಿದನು. ನ್ಯಾಯಾಧೀಶರು, ಆ ತರುಣ ಮತ್ತು ಇಬ್ಬರು ಕೈದಿಗಳು ಅಂದು ಹತರಾದರು. ಬಂದೂಕುಗಳು ಏಂಜೆಲಾ ಅವರ ಹೆಸರಿನಲ್ಲಿದ್ದುದರಿಂದ ಕೊಲೆ, ಅಪಹರಣ ಮತ್ತು ಒಳಸಂಚಿನ ಆರೋಪಗಳು ಅವರ ಮೇಲೆ ಬಂದವು. ತಲೆಮರೆಸಿಕೊಂಡಿದ್ದ ಅವರನ್ನು ಅಕ್ಟೋಬರ್ 13ರಂದು ನ್ಯೂಯಾರ್ಕಿನಲ್ಲಿ ಬಂಧಿಸಲಾಯಿತು.

ಗ್ರಂಥದ ಅತ್ಯಂತ ಹೃದಯಸ್ಪರ್ಶಿ ಭಾಗ ನ್ಯೂಯಾರ್ಕಿನ ಮಹಿಳಾ ಬಂದೀಖಾನೆಯದು. ಅಲ್ಲಿದ್ದ ಅನೇಕ ಹೆಂಗಸರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಜಾಮೀನಿಗೆ ಹಣವಿಲ್ಲದೆ ಅವರು ಒಳಗಿದ್ದರು. ಮನೆಮಠ ಕಳೆದುಕೊಂಡ ಆ ಜೀವಗಳು ತಮ್ಮತಮ್ಮಲ್ಲಿಯೇ ತಾಯಿ, ಮಗಳು, ಅಕ್ಕ ಎಂಬ ನಂಟುಗಳನ್ನು ಕಟ್ಟಿಕೊಂಡು ಕುಟುಂಬಗಳಾಗಿ ಬಾಳುತ್ತಿದ್ದುದನ್ನು ಲೇಖಕಿ ವಿವರಿಸುತ್ತಾರೆ. ಹೊರಗಿನ ಮಹಿಳೆಯರು ಜಾಮೀನಿನ ನಿಧಿಯೊಂದನ್ನು ಆರಂಭಿಸಿದಾಗ, ಬಿಡುಗಡೆಯಾದವಳು ಒಳಗೆ ಉಳಿದವರಿಗಾಗಿ ದುಡಿಯಬೇಕೆಂಬುದು ಅದರ ಆಶಯವಾಗಿತ್ತು.

1972ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯನ್ನು ರದ್ದುಪಡಿಸಿದ್ದರಿಂದ ಅವರಿಗೆ ಜಾಮೀನು ದೊರೆಯುವ ದಾರಿ ತೆರೆಯಿತು. 1,02,500 ಡಾಲರುಗಳ ಆ ಜಾಮೀನಿಗೆ ತನ್ನ ಜಮೀನನ್ನು ಒತ್ತೆಯಿಟ್ಟವನು ಒಬ್ಬ ಬಿಳಿಯ ರೈತ! ಜೂನ್ 4ರಂದು ಅವರನ್ನು ನಿರ್ದೋಷಿಯೆಂದು ಸಾರಿದ ಪಂಚರೆಲ್ಲರೂ ಬಿಳಿಯರೇ. ದ್ವೇಷವು ಶಾಶ್ವತವಲ್ಲವೆಂದ ಆ ತಾಯಿಯ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಒಪ್ಪಿಗೆ ಮತ್ತು ಪ್ರಶ್ನೆ

ಈ ಗ್ರಂಥವನ್ನು ಮೆಚ್ಚುವುದೆಂದರೆ ಲೇಖಕಿಯ ರಾಜಕೀಯವನ್ನೆಲ್ಲ ಒಪ್ಪುವುದೆಂದಲ್ಲ. ಅಂದು ಹತರಾದ ನಾಲ್ವರ ಮನೆಗಳಲ್ಲಿಯೂ ದುಃಖವಿತ್ತು. ಬಂದೂಕು ಹಿಡಿದು ಹೊರಟ ಹುಡುಗನನ್ನು ಕುರಿತು ಅವರು ಬರೆಯುವಾಗ ಮರುಕದೊಡನೆ ಮೆಚ್ಚುಗೆಯೂ ಇಣುಕುತ್ತದೆ; ಆ ಮೆಚ್ಚುಗೆಯನ್ನು ಎಲ್ಲರೂ ಹಂಚಿಕೊಳ್ಳಲಾರರು. 1972ರಲ್ಲಿ ಚೆಕೊಸ್ಲೊವಾಕಿಯದಿಂದ ದೇಶಾಂತರ ಹೋಗಿದ್ದ ಯಿರ್ಶಿ ಪೆಲಿಕಾನ್ ಎಂಬವರು, ತಮ್ಮ ದೇಶದ ರಾಜಕೀಯ ಕೈದಿಗಳ ಪರವಾಗಿಯೂ ದನಿಯೆತ್ತಬೇಕೆಂದು ಬಹಿರಂಗ ಪತ್ರದಲ್ಲಿ ಅವರನ್ನು ಕೋರಿದ್ದರು. ಆ ದನಿ ಕೇಳಿಬರಲಿಲ್ಲ. ಸೆರೆಯಾಳುಗಳ ನೋವನ್ನು ಅಷ್ಟು ಬಲ್ಲವರಿಂದ ಜಗತ್ತು ಅದನ್ನು ನಿರೀಕ್ಷಿಸಿದ್ದು ತಪ್ಪಲ್ಲ.

ಆದರೂ ಈ ಕೃತಿ ಮನೆಯವರೆಲ್ಲ ಓದಿ ಚರ್ಚಿಸಬೇಕಾದುದು. ತನಗೆ ಬಂದ ಕಷ್ಟವನ್ನು ತನ್ನದೊಂದೇ ಎಂದುಕೊಂಡವರಿಗೆ ಅದು ಕಹಿಯಾಗುತ್ತದೆ. ಅದೇ ಕಷ್ಟದಲ್ಲಿರುವ ಇತರರತ್ತ ಕಣ್ಣು ಹೊರಳಿದಾಗ ಅದು ಹೊಣೆಯಾಗುತ್ತದೆ. ಚಿಲ್ಲರೆಯ ಚೀಲಕ್ಕೆ ಕೈಹಾಕಿದ ಬಾಲಕಿ, ಬಂದೀಖಾನೆಯಲ್ಲಿ ಜಾಮೀನಿಲ್ಲದ ಹೆಂಗಸರ ಕಥೆಗಳನ್ನು ಬರೆದಿಟ್ಟ ಮಹಿಳೆ, ಇಬ್ಬರೂ ಒಬ್ಬರೇ. ನಡುವೆ ಬೆಳೆದದ್ದು ವಿದ್ಯೆ ಮತ್ತು ಧೈರ್ಯ. ಕರುಳು ಮಾತ್ರ ಮನೆಯಲ್ಲಿ ರೂಪುಗೊಂಡ ಮೊದಲಿನ ಕರುಳೇ.