ಕೇಳಿದ್ದು ಸಿಗದಿದ್ದಾಗ



ಸಂತ ಅಂತೋಣಿಯವರ ಹಬ್ಬವಾದ ಜೂನ್ 13ರಂದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಕುಟುಂಬಗಳೂ ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಗೆ ಹರಕೆ ಹೊತ್ತು ಬರುತ್ತವೆ. 2019ರಲ್ಲಿ ಬಸಿಲಿಕಾ ಪದವಿ ಪಡೆದ ಈ ಪುಣ್ಯಕ್ಷೇತ್ರದಲ್ಲಿ ಉರಿಯುವ ಪ್ರತಿ ಮೇಣದ ಬತ್ತಿಯ ಹಿಂದೆಯೂ ಒಂದು ಬೇಡಿಕೆ: ಹೊಗೆಸೊಪ್ಪಿಗೆ ಬೆಲೆ, ಮಗಳಿಗೆ ಮದುವೆ, ಕಾಯಿಲೆಗೆ ಗುಣ. ಕೆಲವರದು ಈಡೇರುತ್ತದೆ. ಕೆಲವರು ವರ್ಷ ವರ್ಷವೂ ಅದೇ ಬೇಡಿಕೆಯೊಂದಿಗೆ ಬರುತ್ತಾರೆ. ಅವರ ವಿಶ್ವಾಸ ಕಡಿಮೆಯೇ? ಅಲ್ಲ.

ಸಂತರ ಬಾಳನ್ನೇ ನೋಡಿ. ಮೊರಾಕ್ಕೊದಲ್ಲಿ ಕ್ರಿಸ್ತನಿಗಾಗಿ ಪ್ರಾಣ ಕೊಡಬೇಕೆಂದು ಹಂಬಲಿಸಿ 1220ರಲ್ಲಿ ಫ್ರಾನ್ಸಿಸ್ಕನ್ ಸಭೆ ಸೇರಿದರು. ಅಲ್ಲಿಗೆ ಹೋದೊಡನೆ ಕಾಯಿಲೆ ಬಿದ್ದರು. ತಾಯ್ನಾಡಿಗೆ ಮರಳುವಾಗ ಬಿರುಗಾಳಿ ಹಡಗನ್ನು ಸಿಸಿಲಿಗೆ ತಳ್ಳಿತು. ಬೇಡಿದ್ದು ನಡೆಯಲಿಲ್ಲ, ಆದರೆ ಆ ದಾರಿಯಲ್ಲೇ ಇಟಲಿಗೆ ಒಬ್ಬ ಮಹಾ ಬೋಧಕ ದೊರೆತರು.

ನಮ್ಮ ಪ್ರತಿ ಸಂಕಟಕ್ಕೂ ಹೀಗೆ ಅರ್ಥ ಕಾಣುತ್ತದೆ ಎಂದಲ್ಲ. ಗೆತ್ಸೆಮನೆಯಲ್ಲಿ ಯೇಸುಸ್ವಾಮಿಯೇ ಬೇಡಿದರು; ಶಿಲುಬೆ ತಪ್ಪಲಿಲ್ಲ. ಆದರೂ ಪಿತನ ಕೈ ಬಿಡಲಿಲ್ಲ. ಪಿತನೂ ಅವರನ್ನು ಸಮಾಧಿಯಲ್ಲಿ ಬಿಡಲಿಲ್ಲ.

ಆದ್ದರಿಂದ ನೊಂದವರಿಗೆ "ನಿಮ್ಮ ವಿಶ್ವಾಸ ಸಾಲದು" ಎನ್ನದಿರೋಣ. ಅವರ ಮನೆಗೆ ಹೋಗಿ, ಪಕ್ಕದಲ್ಲಿ ಕುಳಿತು, ಜಪಸರ ಪ್ರಾರ್ಥಿಸೋಣ. ದೇವರು ಕಳಿಸುವ ಉತ್ತರ ಕೆಲವೊಮ್ಮೆ ನಾವೇ ಆಗಿರುತ್ತೇವೆ.